ಎಐ ಅಸಿಸ್ಟೆಂಟ್ ಬರೆಯುವ ಕೋಡಿಗೆ ಗುಣಮಟ್ಟದ ನಿಯಮಗಳನ್ನು ಅಳವಡಿಸುವ ಕ್ರಮ

ಕ್ಲಾಡ್ ಕೋಡ್, ಕರ್ಸರ್, ಗಿಟ್‌ಹಬ್ ಕೋಪೈಲಟ್ ಮುಂತಾದ ಎಐ ಅಸಿಸ್ಟೆಂಟ್‌ಗಳನ್ನು ಕೆಲಸಕ್ಕೆ ಹಚ್ಚುವ ತಂಡಗಳು ಸಾಮಾನ್ಯವಾಗಿ ಮೊದಲು ಒಂದು ಸೂಚನಾ ಕಡತವನ್ನು ಬರೆದಿಡುತ್ತವೆ. ಫಂಕ್ಷನ್‌ಗಳು ಚಿಕ್ಕದಾಗಿರಲಿ, ಎರರ್‌ಗಳನ್ನು ಸದ್ದಿಲ್ಲದೆ ನುಂಗಬೇಡ, ಬಳಕೆಯಲ್ಲಿಲ್ಲದ ಕೋಡನ್ನು ಉಳಿಸಬೇಡ ಎಂಬಂಥ ಹಲವು ಸಾಲುಗಳು ಅದರಲ್ಲಿರುತ್ತವೆ. ಚಿಕ್ಕ ಕೆಲಸಗಳಲ್ಲಿ ಅಸಿಸ್ಟೆಂಟ್ ಇವನ್ನು ಬಹುಮಟ್ಟಿಗೆ ಪಾಲಿಸುತ್ತದೆ. ಆದರೆ ಹತ್ತಾರು ಕಡತಗಳನ್ನು ಮುಟ್ಟುವ ದೊಡ್ಡ ಕೆಲಸದ ನಡುವೆ, ಸಂಭಾಷಣೆ ಬೆಳೆದು ಆರಂಭದ ಸೂಚನೆಗಳ ಮೇಲೆ ಕೋಡು, ಲಾಗು, ಟೆಸ್ಟ್ ಫಲಿತಾಂಶಗಳೆಲ್ಲ ಪೇರಿಕೊಂಡಾಗ, ಅದೇ ಅಸಿಸ್ಟೆಂಟ್ ಅದೇ ಸೂಚನೆಗಳನ್ನು ಮೀರಿದ ಕೋಡನ್ನು ಬರೆಯುತ್ತದೆ. ಸೂಚನಾ ಕಡತದ ಪಠ್ಯವು ಅಸಿಸ್ಟೆಂಟ್‌ನ ಹಿಂದಿರುವ ಎಐ ಮಾದರಿಗೆ ಹೋಗುವ ಇನ್‌ಪುಟ್‌ನ ಒಂದು ಭಾಗ ಮಾತ್ರ; ಅದು ಉತ್ತರದ ಮೇಲೆ ಪ್ರಭಾವ ಬೀರುತ್ತದೆಯೇ ಹೊರತು ಉತ್ತರವನ್ನು ಕಟ್ಟಿಹಾಕುವುದಿಲ್ಲ.

ಕೋಡನ್ನು ಓಡಿಸದೆಯೇ ಓದಿ ನಿಯಮ ಮೀರಿದ ಜಾಗಗಳನ್ನು ತೋರಿಸುವ ಲಿಂಟರ್‌ನ ಸ್ವಭಾವ ಇದಕ್ಕೆ ಪೂರ್ತಿ ಬೇರೆ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ 1978ರಲ್ಲಿ ಸಿ ಭಾಷೆಗಾಗಿ ಬರೆದ ಲಿಂಟ್ ಎಂಬ ಉಪಕರಣದಿಂದ ಇಂದಿನ ರಫ್ (ಪೈಥಾನ್‌ಗೆ), ಇಎಸ್‌ಲಿಂಟ್ (ಜಾವಾಸ್ಕ್ರಿಪ್ಟ್, ಟೈಪ್‌ಸ್ಕ್ರಿಪ್ಟ್‌ಗೆ) ವರೆಗೆ ಈ ಬಗೆಯ ಸಾಧನಗಳು, ಆವೃತ್ತಿ ಮತ್ತು ಸೆಟ್ಟಿಂಗ್ ಬದಲಾಗದಿದ್ದರೆ, ಒಂದೇ ಕೋಡಿಗೆ ಯಾವಾಗಲೂ ಒಂದೇ ತೀರ್ಪನ್ನು ಕೊಡುತ್ತವೆ. ಸಂಭಾಷಣೆ ಎಷ್ಟು ಉದ್ದವಾಗಿದೆ ಎಂಬುದು ಅವುಗಳಿಗೆ ಲೆಕ್ಕಕ್ಕಿಲ್ಲ. ಆದ್ದರಿಂದ ಈ ಲೇಖನದ ಉದ್ದಕ್ಕೂ ನಾನು ಎರಡು ಮಾತುಗಳಿಗೆ ಅಂಟಿಕೊಳ್ಳುತ್ತೇನೆ. ಯಂತ್ರ ಪರೀಕ್ಷಿಸಬಲ್ಲ ಯಾವ ನಿಯಮವನ್ನೂ ಬರೀ ಸೂಚನೆಯ ರೂಪದಲ್ಲಿ ಬಿಡಬಾರದು. ಆ ಪರೀಕ್ಷೆಯನ್ನು ಸಡಿಲಿಸುವ ಅಧಿಕಾರ ಅಸಿಸ್ಟೆಂಟ್‌ನ ಕೈಯಲ್ಲಿರಬಾರದು. ಉದಾಹರಣೆಗಳನ್ನು ಪೈಥಾನ್ ಮತ್ತು ಟೈಪ್‌ಸ್ಕ್ರಿಪ್ಟ್ ಭಾಷೆಗಳಿಂದ ತೆಗೆದುಕೊಂಡಿದ್ದೇನೆ. ಬೇರೆ ಭಾಷೆಗಳಲ್ಲಿ ಸಾಧನಗಳ ಹೆಸರು ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ಮೊದಲ ಹೆಜ್ಜೆ: ನಿಯಮಗಳನ್ನು ವಿಂಗಡಿಸುವುದು

ನಿಯಮಗಳ ಪಟ್ಟಿಯನ್ನು ಕಲ್ಪನೆಯಿಂದ ಬರೆಯಬೇಡಿ. ನಿಮ್ಮ ರೆಪಾಸಿಟರಿಯ (ಪ್ರಾಜೆಕ್ಟಿನ ಕೋಡಿನ ಸಂಗ್ರಹ) ಇತ್ತೀಚಿನ ಪುಲ್ ರಿಕ್ವೆಸ್ಟ್‌ಗಳನ್ನು, ಅಂದರೆ ಮುಖ್ಯ ಕೋಡಿಗೆ ಸೇರಿಸಲು ಪರಿಶೀಲನೆಗೆ ಕಳಿಸಿದ ಬದಲಾವಣೆಗಳನ್ನು ತೆರೆದು, ಅಸಿಸ್ಟೆಂಟ್ ಬರೆದ ಕೋಡಿನ ಮೇಲೆ ಪರಿಶೀಲಕರು ಬರೆದಿರುವ ಟಿಪ್ಪಣಿಗಳನ್ನು ಓದಿ, ಎರಡು ಸಲಕ್ಕಿಂತ ಹೆಚ್ಚು ಮರುಕಳಿಸಿದ ಪ್ರತಿಯೊಂದನ್ನೂ ಬರೆದುಕೊಳ್ಳಿ. ಬೇಕಾದ ಪಟ್ಟಿ ಅದೇ. ಆಮೇಲೆ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಿ: ಕೋಡಿನ ಅರ್ಥವನ್ನು ತಿಳಿಯದ ಒಂದು ಪ್ರೋಗ್ರಾಂ ಇದನ್ನು ಹೌದು ಅಥವಾ ಇಲ್ಲ ಎಂದು ನಿರ್ಣಯಿಸಬಲ್ಲದೇ?

ಇಂಡೆಂಟೇಷನ್, ಉದ್ಧರಣ ಚಿಹ್ನೆ, ಸಾಲಿನ ಉದ್ದ ಇವೆಲ್ಲ ಕೋಡಿನ ಹೊರರೂಪವನ್ನು ಒಂದೇ ಬಗೆಗೆ ತರುವ ಫಾರ್ಮ್ಯಾಟರ್‌ನ ಪಾಲು. ಖಾಲಿ ಎಕ್ಸೆಪ್ಟ್ (ಯಾವ ದೋಷವೆಂದು ಹೇಳದೆ ಎಲ್ಲವನ್ನೂ ಹಿಡಿಯುವುದು), ಎನಿ ಟೈಪ್ (ಟೈಪ್ ಪರೀಕ್ಷೆಯನ್ನೇ ಬಿಟ್ಟುಬಿಡುವ ಟೈಪ್), ಒಂದು ಪದರದ ಕೋಡು ಇನ್ನೊಂದು ಪದರವನ್ನು ನೇರವಾಗಿ ಕರೆಯುವುದು ಇವು ಲಿಂಟರ್ ಮತ್ತು ಬೆಲೆಗಳ ಬಗೆ ಹೊಂದುತ್ತದೆಯೇ ಎಂದು ನೋಡುವ ಟೈಪ್ ಚೆಕ್ಕರ್‌ಗಳ ಪಾಲು. ‘ಈ ಹೆಸರು ವ್ಯವಹಾರದ ಅರ್ಥವನ್ನು ಸರಿಯಾಗಿ ಹೇಳುತ್ತಿಲ್ಲ’, ‘ಈ ವೈಶಿಷ್ಟ್ಯಕ್ಕೆ ಹೊಸ ಕ್ಲಾಸ್ ಬೇಕಾಗಿರಲಿಲ್ಲ’ ಎಂಬಂಥವು ಮನುಷ್ಯರ ವಿವೇಚನೆಗೆ ಸೇರಿದವು. ಸೂಚನಾ ಕಡತಕ್ಕೆ ಹೋಗಬೇಕಾದದ್ದು ಈ ಕೊನೆಯ ಗುಂಪು ಮಾತ್ರ. ವಿಂಗಡಣೆ ಮುಗಿದಾಗ, ಸೂಚನೆಗಳೆಂದು ನಾವು ಬರೆದಿಟ್ಟಿದ್ದವುಗಳಲ್ಲಿ ಹೆಚ್ಚಿನವು ಯಂತ್ರಕ್ಕೇ ಸೇರಬೇಕಾದವು ಎಂಬುದು ತಾನಾಗಿ ಕಾಣುತ್ತದೆ.

ಎರಡನೆಯ ಹೆಜ್ಜೆ: ಲಿಂಟರ್‌ನಲ್ಲಿ ಯಾವ ನಿಯಮಗಳನ್ನು ಚಾಲೂ ಮಾಡಬೇಕು

ಫಾರ್ಮ್ಯಾಟರ್ ಬಗ್ಗೆ ಚರ್ಚಿಸುವಷ್ಟು ವಿಷಯವಿಲ್ಲ. ಪೈಥಾನ್‌ಗೆ ರಫ್‌ನಲ್ಲೇ ಇರುವ ಫಾರ್ಮ್ಯಾಟರ್ ಅಥವಾ ಬ್ಲ್ಯಾಕ್, ಟೈಪ್‌ಸ್ಕ್ರಿಪ್ಟ್‌ಗೆ ಪ್ರಿಟಿಯರ್, ಗೋ ಭಾಷೆಗೆ ಗೋಎಫ್‌ಎಂಟಿ, ರಸ್ಟ್‌ಗೆ ರಸ್ಟ್‌ಎಫ್‌ಎಂಟಿ. ಒಂದನ್ನು ಆರಿಸಿ, ಅದರ ಮೂಲ ಸೆಟ್ಟಿಂಗ್‌ಗಳನ್ನೇ ಇಟ್ಟುಕೊಂಡು ಮುಂದೆ ಹೋಗಿ.

ಲಿಂಟರ್‌ನ ವಿಷಯದಲ್ಲಿ ಮಾತ್ರ ಸಮಯ ಕೊಡಬೇಕು, ಏಕೆಂದರೆ ಅಸಿಸ್ಟೆಂಟ್ ಮಾಡುವ ತಪ್ಪುಗಳಿಗೆ ಅವುಗಳದ್ದೇ ಒಂದು ಜಾಡು ಇದೆ. ಅವುಗಳಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಎರರ್ ನುಂಗುವ ಅಭ್ಯಾಸ. ಕೊಟ್ಟ ಕೆಲಸ ಓಡುವಂತೆ ಕಾಣಬೇಕೆಂಬ ಒತ್ತಡದಲ್ಲಿ ಅಸಿಸ್ಟೆಂಟ್ ಇಡೀ ಭಾಗವನ್ನು ಟ್ರೈ ಒಳಗೆ ಹಾಕಿ, ಎಲ್ಲ ಎಕ್ಸೆಪ್ಷನ್‌ಗಳನ್ನೂ ಹಿಡಿದು, ಖಾಲಿ ಪಟ್ಟಿಯನ್ನೋ ಶೂನ್ಯವನ್ನೋ ಹಿಂದಿರುಗಿಸುತ್ತದೆ. ಪರಿಣಾಮವಾಗಿ ದೋಷ ಹುಟ್ಟಿದ ಕಡೆ ಕಾಣದೆ, ಬಹಳ ದೂರದ ಇನ್ನೊಂದು ಕಡೆ ತಪ್ಪು ಅಂಕಿಯಾಗಿ ಹೊರಬೀಳುತ್ತದೆ. ರಫ್‌ನಲ್ಲಿ ಇದಕ್ಕೆ ಇ722, ಬಿಎಲ್‌ಇ001 ಮತ್ತು ಎಸ್110 ಎಂಬ ಮೂರು ನಿಯಮಗಳಿವೆ. ಮೊದಲನೆಯದು ಹೆಸರಿಲ್ಲದ ಎಕ್ಸೆಪ್ಟ್ ಅನ್ನು, ಎರಡನೆಯದು ಎಲ್ಲವನ್ನೂ ಕುರುಡಾಗಿ ಹಿಡಿಯುವುದನ್ನು, ಮೂರನೆಯದು ಹಿಡಿದು ಏನೂ ಮಾಡದೆ ಬಿಡುವುದನ್ನು ಪತ್ತೆ ಹಚ್ಚುತ್ತದೆ. ಮೂರನ್ನೂ ಒಟ್ಟಿಗೆ ಹಾಕಿ. ಒಂದನ್ನೇ ಹಾಕಿದರೆ ಅಸಿಸ್ಟೆಂಟ್ ಪಕ್ಕದ ರೂಪಕ್ಕೆ ಜಾರುತ್ತದೆ.

ಟೈಪ್‌ಸ್ಕ್ರಿಪ್ಟ್‌ನಲ್ಲಿ ಇದಕ್ಕೆ ಸಮಾನವಾದ ಜಾಗ ಎನಿ ಟೈಪ್. ಕಂಪೈಲರ್‌ನ ಸ್ಟ್ರಿಕ್ಟ್ ಆಯ್ಕೆಯನ್ನು ಚಾಲೂ ಮಾಡಿ, ಟೈಪ್‌ಸ್ಕ್ರಿಪ್ಟ್-ಇಎಸ್‌ಲಿಂಟ್‌ನ ನೋ-ಎಕ್ಸ್‌ಪ್ಲಿಸಿಟ್-ಎನಿ ನಿಯಮವನ್ನು ಸೇರಿಸಿ. ಅದರ ಜೊತೆಗೆ ನೋ-ಫ್ಲೋಟಿಂಗ್-ಪ್ರಾಮಿಸಸ್ ಎಂಬ ನಿಯಮವನ್ನೂ ತಪ್ಪದೆ ಸೇರಿಸಿ. ಅವೇಟ್ ಮಾಡದೆ, ಅಂದರೆ ಫಲಿತಾಂಶಕ್ಕೆ ಕಾಯದೆ ಬಿಟ್ಟ ಪ್ರಾಮಿಸ್ (ಮುಂದೆ ಮುಗಿಯಲಿರುವ ಕೆಲಸ) ಓದುವವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಟೆಸ್ಟ್‌ಗಳಲ್ಲೂ ಅನೇಕ ಸಲ ದಾಟಿಹೋಗುತ್ತದೆ. ಈ ನಿಯಮಕ್ಕೆ ಟೈಪ್ ಮಾಹಿತಿ ಬೇಕಾಗುವುದರಿಂದ ಲಿಂಟ್ ಓಡುವ ಸಮಯ ಹೆಚ್ಚುತ್ತದೆ. ಆ ಬೆಲೆ ತೆರುವುದು ಯೋಗ್ಯವೆಂದೇ ನನ್ನ ಅಭಿಪ್ರಾಯ.

ಇನ್ನು ಗಾತ್ರ ಮತ್ತು ಸಂಕೀರ್ಣತೆ. ಥಾಮಸ್ ಮೆಕೇಬ್ 1976ರಲ್ಲಿ ಸೈಕ್ಲೋಮ್ಯಾಟಿಕ್ ಸಂಕೀರ್ಣತೆಯ, ಅಂದರೆ ಕೋಡಿನೊಳಗೆ ಎಷ್ಟು ಪ್ರತ್ಯೇಕ ದಾರಿಗಳಿವೆ ಎಂಬುದರ ಅಳತೆಯನ್ನು ಮುಂದಿಟ್ಟಾಗ ಒಂದು ಮಾಡ್ಯೂಲಿಗೆ 10 ಎಂಬ ಮಿತಿಯನ್ನು ಸೂಚಿಸಿದ್ದರು. ರಫ್‌ನ ಸಿ901 ನಿಯಮದ ಮೂಲ ಮಿತಿ ಇಂದಿಗೂ 10. ಇಎಸ್‌ಲಿಂಟ್‌ನ ಕಾಂಪ್ಲೆಕ್ಸಿಟಿ ನಿಯಮದ ಮೂಲ ಮಿತಿ 20, ಒಂದು ಫಂಕ್ಷನ್‌ನ ಸಾಲುಗಳಿಗೆ 50, ಒಂದರೊಳಗೊಂದು ಹೆಣೆದ ಬ್ಲಾಕ್‌ಗಳ ಆಳಕ್ಕೆ 4. ಅಸಿಸ್ಟೆಂಟ್ ಬರೆಯುವ ಕೋಡಿಗೆ ಈ ಮಿತಿಗಳು ಮುಖ್ಯವಾಗಲು ಕಾರಣವಿದೆ: ಹೊಸ ಬೇಡಿಕೆ ಬಂದಾಗ ಅದು ಇರುವ ಫಂಕ್ಷನ್‌ನ ರಚನೆಯನ್ನು ಮರುಯೋಚಿಸುವ ಬದಲು ಇನ್ನೊಂದು ಇಫ್ ಸೇರಿಸಿ ಮುಗಿಸುವುದೇ ಹೆಚ್ಚು. ಹಾಗೆಂದು ಮಿತಿಯನ್ನು ವಿಪರೀತ ಬಿಗಿ ಮಾಡಬಾರದು. ಸಂಕೀರ್ಣತೆಯನ್ನು 5ಕ್ಕೆ ಇಳಿಸಿದರೆ ಅಸಿಸ್ಟೆಂಟ್ ಒಂದು ಸುಸಂಬದ್ಧ ಫಂಕ್ಷನ್ ಅನ್ನು ಅರ್ಥವಿಲ್ಲದ ಹೆಸರುಗಳ ತುಂಡುಗಳಾಗಿ ಕತ್ತರಿಸಿ ನಿಯಮವನ್ನು ತೃಪ್ತಿಪಡಿಸುತ್ತದೆ, ಓದುವವರಿಗೆ ಮಾತ್ರ ಮೊದಲಿಗಿಂತ ಕಷ್ಟವಾಗುತ್ತದೆ.

ಕಾಮೆಂಟ್ ಮಾಡಿ ಉಳಿಸಿದ ಹಳೆಯ ಕೋಡಿಗೆ ರಫ್‌ನ ಇಆರ್‌ಎ001, ಟೈಮ್‌ಝೋನ್ ಇಲ್ಲದ ಸಮಯಕ್ಕೆ ಡಿಟಿಝೆಡ್ ಗುಂಪಿನ ನಿಯಮಗಳು, ಕೋಡಿನಲ್ಲೇ ಬರೆದಿಟ್ಟ ಪಾಸ್‌ವರ್ಡ್ ಮತ್ತು ಕೀಗಳಿಗೆ ಗಿಟ್‌ಲೀಕ್ಸ್. ಇವನ್ನು ಚಾಲೂ ಮಾಡುವುದು ಕೆಲವೇ ನಿಮಿಷಗಳ ಕೆಲಸ.

ಇಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ಅಂಶವಿದೆ. ಇಎಸ್‌ಲಿಂಟ್‌ನಲ್ಲಿ ನಿಯಮವನ್ನು ಎಚ್ಚರಿಕೆ ಅಂದರೆ ವಾರ್ನ್ ಮಟ್ಟದಲ್ಲಿಟ್ಟರೆ, ಎಷ್ಟೇ ಎಚ್ಚರಿಕೆಗಳು ಬಂದರೂ ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ; 0 ಎಂದರೆ ಯಶಸ್ಸು) 0 ಆಗಿಯೇ ಉಳಿಯುತ್ತದೆ. ಮನುಷ್ಯರು ಹಳದಿ ಗೆರೆಯನ್ನು ನೋಡಿ ತಿದ್ದಿಕೊಳ್ಳಬಹುದು. ಅಸಿಸ್ಟೆಂಟ್ ಮಾತ್ರ ಕಮಾಂಡ್ ಯಶಸ್ವಿಯಾಯಿತೆಂದು ಓದಿ ಮುಂದೆ ಹೋಗುತ್ತದೆ. ಆದ್ದರಿಂದ ಮ್ಯಾಕ್ಸ್-ವಾರ್ನಿಂಗ್ಸ್ ಆಯ್ಕೆಗೆ 0 ಎಂಬ ಬೆಲೆ ಕೊಡಿ, ಇಲ್ಲವೇ ಎಚ್ಚರಿಕೆಯ ಮಟ್ಟವನ್ನೇ ಕೈಬಿಟ್ಟು ಪ್ರತಿ ನಿಯಮವನ್ನೂ ಎರರ್ ಅಥವಾ ಆಫ್ ಎಂದು ನಿರ್ಧರಿಸಿ. ಎರಡನೆಯದು ಒಳ್ಳೆಯ ದಾರಿ.

ಮೂರನೆಯ ಹೆಜ್ಜೆ: ಹಳೆಯ ಕೋಡಿನ ಸಾಲವನ್ನು ಬೇರೆ ಇಡುವುದು

ವರ್ಷಗಳಿಂದ ಬೆಳೆದ ರೆಪಾಸಿಟರಿಯಲ್ಲಿ ಈ ನಿಯಮಗಳನ್ನು ಹಾಕಿದ ಕೂಡಲೇ ನೂರಾರು ಉಲ್ಲಂಘನೆಗಳು ಹೊರಬರುತ್ತವೆ. ಹಾಗೆಯೇ ಬಿಟ್ಟು ಅಸಿಸ್ಟೆಂಟ್‌ಗೆ ತೋರಿಸಿದರೆ ಅದು ಕೇಳಿದ ಚಿಕ್ಕ ಬದಲಾವಣೆಯ ಜೊತೆಗೆ ಸಂಬಂಧವಿಲ್ಲದ ಹತ್ತು ಕಡತಗಳನ್ನು ತಿದ್ದಲು ಹೊರಡುತ್ತದೆ, ಆಗ ಪುಲ್ ರಿಕ್ವೆಸ್ಟ್ ಓದಲಾಗದಷ್ಟು ಊದಿಕೊಳ್ಳುತ್ತದೆ. ಇಎಸ್‌ಲಿಂಟ್‌ನ 9.24 ಆವೃತ್ತಿಯಿಂದ ಇದಕ್ಕೆ ನೇರ ಸೌಲಭ್ಯವಿದೆ: ಸಪ್ರೆಸ್-ಆಲ್ ಎಂಬ ಆಯ್ಕೆಯೊಂದಿಗೆ ಒಮ್ಮೆ ಓಡಿಸಿದರೆ ಈಗಿರುವ ಉಲ್ಲಂಘನೆಗಳೆಲ್ಲ ಪ್ರತ್ಯೇಕ ಕಡತದಲ್ಲಿ ದಾಖಲಾಗುತ್ತವೆ, ಅಲ್ಲಿಂದ ಮುಂದೆ ಹೊಸವು ಮಾತ್ರ ಎರರ್ ಆಗುತ್ತವೆ. ರಫ್‌ನಲ್ಲಿ ಆಡ್-ನೋಕ್ಯುಎ ಆಯ್ಕೆಯು ಉಲ್ಲಂಘನೆಯಿರುವ ಪ್ರತಿ ಹಳೆಯ ಸಾಲಿಗೂ ನೋಕ್ಯುಎ ಎಂಬ ವಿನಾಯಿತಿಯ ಗುರುತನ್ನು ಸೇರಿಸುತ್ತದೆ. ಈ ಕೆಲಸವನ್ನು ಒಂದೇ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಿಸುವ ಒಂದು ಬದಲಾವಣೆ), ಬೇರೆ ಯಾವ ಬದಲಾವಣೆಯನ್ನೂ ಬೆರೆಸದೆ ಮುಗಿಸಿ.

ನಾಲ್ಕನೆಯ ಹೆಜ್ಜೆ: ನಿಯಮದ ಸಂದೇಶವನ್ನು ಅಸಿಸ್ಟೆಂಟ್ ಓದುವಂತೆ ಬರೆಯುವುದು

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಫಲ ಕೊಡುವ ಹೆಜ್ಜೆ ಇದು. ಅನುಭವಿ ಪ್ರೋಗ್ರಾಮರ್‌ಗೆ ‘ಈ ಇಂಪೋರ್ಟ್ ನಿಷಿದ್ಧ’ ಎಂದರೆ ಸಾಕು. ಏಕೆ ಎಂಬುದು ಅವರಿಗೆ ತಂಡದ ನೆನಪಿನಿಂದ ತಿಳಿಯುತ್ತದೆ, ತಿಳಿಯದಿದ್ದರೆ ಪಕ್ಕದವರನ್ನು ಕೇಳುತ್ತಾರೆ. ಅಸಿಸ್ಟೆಂಟ್‌ಗೆ ಆ ನೆನಪಿಲ್ಲ. ಅದರ ಕೈಗೆ ಸಿಗುವುದು ಆ ಒಂದು ಸಾಲು ಮಾತ್ರ, ಅದು ಆ ಸಾಲನ್ನು ಮಾಯವಾಗಿಸುವ ಹತ್ತಿರದ ದಾರಿಯನ್ನು ಹುಡುಕುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಸ್ಕ್ರೀನ್‌ಗಳ ಕೋಡು ಡೇಟಾಬೇಸ್ ಮಾಡ್ಯೂಲನ್ನು ನೇರವಾಗಿ ಇಂಪೋರ್ಟ್ ಮಾಡಬಾರದು, ಸರ್ವಿಸಸ್ ಫೋಲ್ಡರಿನ ಮೂಲಕವೇ ಹೋಗಬೇಕು ಎಂಬುದು ಒಂದು ಪ್ರಾಜೆಕ್ಟಿನ ನಿಯಮ ಎಂದುಕೊಳ್ಳಿ. ಇಎಸ್‌ಲಿಂಟ್‌ನ ನೋ-ರಿಸ್ಟ್ರಿಕ್ಟೆಡ್-ಇಂಪೋರ್ಟ್ಸ್ ನಿಯಮದಲ್ಲಿ ಈ ದಾರಿಯನ್ನು ಮುಚ್ಚಬಹುದು. ಸಂದೇಶದಲ್ಲಿ ಬರೀ ನಿಷೇಧವಿದ್ದರೆ ಅಸಿಸ್ಟೆಂಟ್ ಯುಟಿಲ್ಸ್ ಫೋಲ್ಡರಿನಲ್ಲಿ ಹೊಸ ಕಡತವೊಂದನ್ನು ಸೃಷ್ಟಿಸಿ, ಅಲ್ಲಿ ಡೇಟಾಬೇಸ್ ಮಾಡ್ಯೂಲನ್ನು ತಂದು, ಅದನ್ನೇ ಮರು-ಎಕ್ಸ್‌ಪೋರ್ಟ್ ಮಾಡಿ, ಸ್ಕ್ರೀನಿನಿಂದ ಆ ಹೊಸ ಕಡತವನ್ನು ಕರೆಯಬಹುದು. ಲಿಂಟರ್ ಒಪ್ಪುತ್ತದೆ, ರಚನೆ ಕೆಡುತ್ತದೆ. ಇದೇ ನಿಯಮದ ಸಂದೇಶದ ಜಾಗದಲ್ಲಿ ಹೀಗೆ ಬರೆಯಿರಿ: ‘ಸ್ಕ್ರೀನ್ ಕೋಡಿನಿಂದ ಡೇಟಾಬೇಸನ್ನು ನೇರವಾಗಿ ಮುಟ್ಟಬಾರದು, ಏಕೆಂದರೆ ಅನುಮತಿಯ ಪರೀಕ್ಷೆ ಸರ್ವಿಸಸ್ ಪದರದಲ್ಲಿದೆ. ಸರ್ವಿಸಸ್ ಫೋಲ್ಡರಿನಲ್ಲಿರುವ ಫಂಕ್ಷನ್ ಬಳಸಿ. ಬೇಕಾದದ್ದು ಅಲ್ಲಿಲ್ಲದಿದ್ದರೆ ಅಲ್ಲಿಯೇ ಹೊಸದನ್ನು ಸೇರಿಸಿ. ಮರು-ಎಕ್ಸ್‌ಪೋರ್ಟ್ ಮಾಡುವ ಕಡತ ಸೃಷ್ಟಿಸಬೇಡಿ.’ ಏನು ತಪ್ಪು, ಏಕೆ ತಪ್ಪು, ಬದಲಿಗೆ ಏನು ಮಾಡಬೇಕು, ಯಾವ ಅಡ್ಡದಾರಿ ಬೇಡ ಎಂಬ ನಾಲ್ಕೂ ಇದರಲ್ಲಿವೆ.

ರಫ್‌ನಲ್ಲಿ ಬ್ಯಾನ್ಡ್-ಎಪಿಐ ಎಂಬ ಸೆಟ್ಟಿಂಗ್ ಇದೇ ಕೆಲಸ ಮಾಡುತ್ತದೆ. ಅಲ್ಲಿಯೂ ಪ್ರತಿ ನಿಷೇಧಕ್ಕೆ ನಿಮ್ಮದೇ ಸಂದೇಶ ಬರೆಯಬಹುದು, ಉಲ್ಲಂಘನೆ ಟಿಐಡಿ251 ಎಂಬ ಹೆಸರಿನಲ್ಲಿ ಬರುತ್ತದೆ. ಇದಕ್ಕಿಂತ ಸೂಕ್ಷ್ಮವಾದ ವಿನ್ಯಾಸಗಳನ್ನು ಹಿಡಿಯಬೇಕಾದಲ್ಲಿ, ಉದಾಹರಣೆಗೆ ಲೂಪಿನೊಳಗೆ ಡೇಟಾಬೇಸ್ ಕ್ವೆರಿ ಕರೆಯುವಂಥದ್ದು, ಸೆಮ್‌ಗ್ರೆಪ್ ಅಥವಾ ಎಎಸ್‌ಟಿ-ಗ್ರೆಪ್ ಬಳಸಿ. ಇವೆರಡೂ ಕೋಡನ್ನು ಬರೀ ಅಕ್ಷರಗಳಾಗಿ ನೋಡದೆ ಅದರ ವ್ಯಾಕರಣದ ರಚನೆಯ ಮೇಲೆ ಹುಡುಕುತ್ತವೆ, ನಿಯಮದ ಜೊತೆಗೇ ಸಂದೇಶವನ್ನೂ ಬರೆಯಲು ಬಿಡುತ್ತವೆ.

ಐದನೆಯ ಹೆಜ್ಜೆ: ಹುಕ್‌ಗಳ ಮೂಲಕ ಪರೀಕ್ಷೆಯನ್ನು ತಾನಾಗಿ ಓಡಿಸುವುದು

ಲಿಂಟರ್ ಓಡಿಸು ಎಂದು ಅಸಿಸ್ಟೆಂಟ್‌ಗೆ ಹೇಳುವುದೂ ಮತ್ತೊಂದು ಸೂಚನೆಯೇ. ಅದಕ್ಕೆ ನೆನಪಿದ್ದರೂ ಇಲ್ಲದಿದ್ದರೂ ಪರೀಕ್ಷೆ ನಡೆಯಬೇಕಾದರೆ ಹುಕ್, ಅಂದರೆ ನಿಗದಿತ ಘಟನೆ ನಡೆದಾಗ ತಾನಾಗಿ ಓಡುವ ಕಮಾಂಡು ಬೇಕು. ಕ್ಲಾಡ್ ಕೋಡ್‌ನಲ್ಲಿ ಪ್ರಾಜೆಕ್ಟಿನ ಡಾಟ್-ಕ್ಲಾಡ್ ಫೋಲ್ಡರಿನ ಸೆಟ್ಟಿಂಗ್ಸ್ ಜೇಸನ್ ಕಡತದಲ್ಲಿ ಹುಕ್‌ಗಳನ್ನು ನಮೂದಿಸಬಹುದು. ನಮಗೆ ಬೇಕಾದವು ಮೂರು: ಉಪಕರಣ ಓಡುವ ಮೊದಲು ಬರುವ ಪ್ರೀ-ಟೂಲ್-ಯೂಸ್, ಓಡಿದ ಮೇಲೆ ಬರುವ ಪೋಸ್ಟ್-ಟೂಲ್-ಯೂಸ್, ಅಸಿಸ್ಟೆಂಟ್ ತನ್ನ ಕೆಲಸ ಮುಗಿಯಿತೆಂದು ನಿಲ್ಲುವಾಗ ಬರುವ ಸ್ಟಾಪ್.

ಕಡತ ತಿದ್ದುವ ಎಡಿಟ್ ಮತ್ತು ರೈಟ್ ಉಪಕರಣಗಳಿಗೆ ಪೋಸ್ಟ್-ಟೂಲ್-ಯೂಸ್ ಹುಕ್ ಕಟ್ಟಿ. ತಿದ್ದಿದ ಕಡತದ ವಿಳಾಸ ಜೇಸನ್ ರೂಪದಲ್ಲಿ ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ ಹುಕ್‌ಗೆ ಬರುತ್ತದೆ. ಅದನ್ನು ಓದಿ ಆ ಒಂದು ಕಡತದ ಮೇಲೆ ಮಾತ್ರ ಲಿಂಟರ್ ಓಡಿಸುವ ಚಿಕ್ಕ ಸ್ಕ್ರಿಪ್ಟ್ ಬರೆಯಿರಿ. ಇಲ್ಲಿ ಎಕ್ಸಿಟ್ ಕೋಡ್‌ಗಳನ್ನು ಗಮನವಿಟ್ಟು ಜೋಡಿಸಬೇಕು. ಉಲ್ಲಂಘನೆ ಕಂಡಾಗ ರಫ್ ಮತ್ತು ಇಎಸ್‌ಲಿಂಟ್ ಎರಡೂ 1 ಎಂಬ ಕೋಡಿನೊಂದಿಗೆ ಮುಗಿಯುತ್ತವೆ, ಸೆಟ್ಟಿಂಗ್ ಕಡತವೇ ಕೆಟ್ಟಿದ್ದರೆ ಅಥವಾ ಸಾಧನವೇ ಬಿದ್ದರೆ 2. ಕ್ಲಾಡ್ ಕೋಡ್‌ನ ಹುಕ್‌ಗೆ 2 ಎಂದರೆ ‘ಇದನ್ನು ಅಸಿಸ್ಟೆಂಟ್‌ಗೆ ತಿಳಿಸು’ ಎಂದರ್ಥ, ಆಗ ಸ್ಟ್ಯಾಂಡರ್ಡ್ ಎರರ್‌ಗೆ ಬರೆದ ಪಠ್ಯ ಮಾದರಿಗೆ ತಲುಪುತ್ತದೆ. 1 ಬಂದರೆ ತಡೆ ಬೀಳುವುದಿಲ್ಲ, ಅಸಿಸ್ಟೆಂಟ್ ಮುಂದುವರಿಯುತ್ತದೆ. ಲಿಂಟರ್ ಕಮಾಂಡನ್ನು ಹುಕ್‌ನಲ್ಲಿ ನೇರವಾಗಿ ಬರೆದರೆ ಎಲ್ಲವೂ ತಲೆಕೆಳಗಾಗುತ್ತದೆ: ನಿಜವಾದ ಉಲ್ಲಂಘನೆಗಳು ಅಸಿಸ್ಟೆಂಟ್‌ಗೆ ತಲುಪುವುದಿಲ್ಲ, ಲಿಂಟರ್‌ನದೇ ಸೆಟ್ಟಿಂಗ್ ದೋಷ ಮಾತ್ರ ತಲುಪುತ್ತದೆ. ಆದ್ದರಿಂದ ಸ್ಕ್ರಿಪ್ಟಿನಲ್ಲಿ ಲಿಂಟರ್‌ನ ಔಟ್‌ಪುಟ್ಟನ್ನು ಸ್ಟ್ಯಾಂಡರ್ಡ್ ಎರರ್‌ಗೆ ತಿರುಗಿಸಿ, 1 ಬಂದರೆ 2 ಎಂದು ಮುಗಿಸಿ. 2 ಬಂದರೆ ಅದನ್ನು 1 ಆಗಿ ಬದಲಿಸಿ, ಸಾಧನವೇ ಕೆಟ್ಟಿದೆ ಎಂದು ಮನುಷ್ಯರಿಗೆ ಕಾಣುವಂತೆ ಬರೆಯಿರಿ.

ತಾನಾಗಿ ತಿದ್ದುವ ಫಿಕ್ಸ್ ಆಯ್ಕೆಯನ್ನು ಪ್ರತಿ ಎಡಿಟ್‌ನ ಬಳಿಕ ಓಡಿಸುವ ಆಸೆ ಸಹಜ, ಆದರೆ ಅದರಲ್ಲಿ ಎರಡು ತೊಡಕುಗಳಿವೆ. ಅಸಿಸ್ಟೆಂಟ್ ಅನೇಕ ಸಲ ಮೊದಲ ಎಡಿಟ್‌ನಲ್ಲಿ ಇಂಪೋರ್ಟ್ ಸಾಲನ್ನು ಸೇರಿಸಿ, ಅದನ್ನು ಬಳಸುವ ಕೋಡನ್ನು ಎರಡನೆಯ ಎಡಿಟ್‌ನಲ್ಲಿ ಬರೆಯುತ್ತದೆ. ಇವೆರಡರ ನಡುವೆ ಓಡಿದ ರಫ್, ಎಫ್401 ನಿಯಮದಂತೆ, ಬಳಕೆಯಾಗದ ಇಂಪೋರ್ಟ್ ಎಂದು ಆ ಸಾಲನ್ನು ಅಳಿಸುತ್ತದೆ. ಎರಡನೆಯ ಎಡಿಟ್ ಆದ ಮೇಲೆ ಹೆಸರು ಸಿಗುತ್ತಿಲ್ಲ ಎಂಬ ದೋಷ ಬರುತ್ತದೆ, ಅಸಿಸ್ಟೆಂಟ್ ಮತ್ತೆ ಇಂಪೋರ್ಟ್ ಸೇರಿಸುತ್ತದೆ, ಹೀಗೆ ಸುತ್ತು ಬೆಳೆಯುತ್ತದೆ. ರಫ್‌ನ ಅನ್‌ಫಿಕ್ಸಬಲ್ ಪಟ್ಟಿಯಲ್ಲಿ ಎಫ್401 ಅನ್ನು ಸೇರಿಸಿದರೆ ಅಳಿಸುವುದು ನಿಲ್ಲುತ್ತದೆ. ಎಡಿಟ್‌ನ ಹುಕ್‌ನಲ್ಲಿ ಈ ನಿಯಮವನ್ನೇ ಬಿಟ್ಟು ಕೊನೆಯ ಪರೀಕ್ಷೆಯಲ್ಲಿ ಮಾತ್ರ ಇಟ್ಟರೆ ಅನಗತ್ಯ ದೂರೂ ನಿಲ್ಲುತ್ತದೆ. ಎರಡನೆಯ ತೊಡಕು ಫಾರ್ಮ್ಯಾಟರ್‌ನದು. ಹಳೆಯ ಪಠ್ಯವನ್ನು ಅಕ್ಷರಶಃ ಹೊಂದಿಸಿ ಬದಲಿಸುವ ಎಡಿಟ್ ಉಪಕರಣಕ್ಕೆ, ನಡುವೆ ಫಾರ್ಮ್ಯಾಟರ್ ಸಾಲುಗಳನ್ನು ಮುರಿದು ಜೋಡಿಸಿದ್ದರೆ, ತಾನು ನೆನಪಿಟ್ಟ ಪಠ್ಯ ಕಡತದಲ್ಲಿ ಸಿಗುವುದಿಲ್ಲ. ಕಡತವನ್ನು ಮತ್ತೆ ಓದಬೇಕಾಗುತ್ತದೆ. ಫಾರ್ಮ್ಯಾಟಿಂಗ್ ಅನ್ನು ಕೆಲಸದ ಕೊನೆಗೆ ಒಮ್ಮೆ ಮಾಡುವುದೇ ಲೇಸು.

ಆ ಕೊನೆಯ ಜಾಗವೇ ಸ್ಟಾಪ್ ಹುಕ್. ಫಾರ್ಮ್ಯಾಟರ್, ಇಡೀ ಪ್ರಾಜೆಕ್ಟಿನ ಟೈಪ್ ಪರೀಕ್ಷೆ, ಸಂಬಂಧಪಟ್ಟ ಟೆಸ್ಟ್‌ಗಳು ಇಲ್ಲಿ ಓಡಲಿ, ಏಕೆಂದರೆ ಪೈಥಾನ್‌ನ ಟೈಪ್ ಚೆಕ್ಕರ್ ಮೈಪೈ ಅಥವಾ ಟೈಪ್‌ಸ್ಕ್ರಿಪ್ಟ್ ಕಂಪೈಲರ್‌ನಂಥವು ಪ್ರತಿ ಎಡಿಟ್‌ಗೂ ಓಡಿಸಲಾಗದಷ್ಟು ನಿಧಾನ; ಅಲ್ಲದೆ, ಅರ್ಧ ಮುಗಿದ ಬದಲಾವಣೆಯ ನಡುವೆ ಅವು ಕೊಡುವ ದೂರುಗಳಿಗೆ ಅರ್ಥವೂ ಇರುವುದಿಲ್ಲ. ಇಲ್ಲಿ ಕೋಡ್ 2 ಕೊಟ್ಟರೆ ಅಸಿಸ್ಟೆಂಟ್ ನಿಲ್ಲದೆ ಕೆಲಸ ಮುಂದುವರಿಸುತ್ತದೆ. ಆದರೆ ಬಗೆಹರಿಸಲಾಗದ ದೋಷವಿದ್ದಾಗ ಇದು ಕೊನೆಯಿಲ್ಲದ ಸುತ್ತಾಗಬಹುದು. ಸ್ಟಾಪ್ ಹುಕ್‌ನಿಂದಾಗಿಯೇ ಅಸಿಸ್ಟೆಂಟ್ ಆಗಲೇ ಮುಂದುವರಿಯುತ್ತಿದ್ದರೆ ಇನ್‌ಪುಟ್‌ನಲ್ಲಿರುವ ಸ್ಟಾಪ್-ಹುಕ್-ಆಕ್ಟಿವ್ ಎಂಬ ಗುರುತು ನಿಜವಾಗಿರುತ್ತದೆ. ಸ್ಕ್ರಿಪ್ಟ್ ಅದನ್ನು ಮೊದಲು ನೋಡಿ, ನಿಜವಾಗಿದ್ದರೆ ಅಸಿಸ್ಟೆಂಟ್‌ಗೆ ನಿಲ್ಲಲು ಬಿಡಲಿ. ಉಳಿದ ದೋಷವನ್ನು ಮುಂದಿನ ಹಂತಗಳು ಹಿಡಿಯುತ್ತವೆ.

ಹುಕ್ ವ್ಯವಸ್ಥೆಯಿಲ್ಲದ ಅಸಿಸ್ಟೆಂಟ್ ಬಳಸುವವರು ಎಲ್ಲ ಪರೀಕ್ಷೆಗಳನ್ನೂ ಒಂದೇ ಕಮಾಂಡಿನಡಿ, ಉದಾಹರಣೆಗೆ ಮೇಕ್ ಚೆಕ್ ಎಂದು ಜೋಡಿಸಿ, ಪ್ರೀ-ಕಮಿಟ್ ಚೌಕಟ್ಟಿನ ಮೂಲಕ ಗಿಟ್‌ನ ಕಮಿಟ್ ಹುಕ್‌ಗೆ ಸೇರಿಸಬಹುದು. ಪ್ರೀ-ಕಮಿಟ್ ಸಾಮಾನ್ಯವಾಗಿ ಸ್ಟೇಜ್ ಮಾಡಿದ, ಅಂದರೆ ಆ ಕಮಿಟ್‌ಗೆಂದು ಆರಿಸಿದ ಕಡತಗಳನ್ನು ಮಾತ್ರ ನೋಡುತ್ತದೆ ಎಂಬುದು ನೆನಪಿರಲಿ. ಪ್ರತಿ ಬದಲಾವಣೆಯನ್ನೂ ಬೇರೆ ಸರ್ವರ್‌ನಲ್ಲಿ ತಾನಾಗಿ ಪರೀಕ್ಷಿಸುವ ಸಿಐನಲ್ಲಿ (ಕಂಟಿನ್ಯುಅಸ್ ಇಂಟಿಗ್ರೇಷನ್) ಆಲ್-ಫೈಲ್ಸ್ ಆಯ್ಕೆಯೊಂದಿಗೆ ಓಡಿಸಬೇಕು.

ಆರನೆಯ ಹೆಜ್ಜೆ: ತಪ್ಪಿಸಿಕೊಳ್ಳುವ ದಾರಿಗಳನ್ನು ಮುಚ್ಚುವುದು

ಪರೀಕ್ಷೆ ಬಿಗಿಯಾದಷ್ಟೂ ಅಸಿಸ್ಟೆಂಟ್ ಕೋಡನ್ನು ಸರಿಪಡಿಸುವ ಬದಲು ಪರೀಕ್ಷೆಯನ್ನೇ ಸುಮ್ಮನಾಗಿಸುವ ಸಾಧ್ಯತೆ ಹೆಚ್ಚುತ್ತದೆ. ಅದಕ್ಕೆ ದುರುದ್ದೇಶವಿದೆ ಎಂದಲ್ಲ. ತಪ್ಪು ಸಂದೇಶ ಮಾಯವಾಗಬೇಕು ಎಂಬುದಷ್ಟೇ ಅದಕ್ಕೆ ಗುರಿಯಾಗಿ ಕಂಡಾಗ, ವಿನಾಯಿತಿಯ ಒಂದು ಕಾಮೆಂಟ್ ಎಲ್ಲಕ್ಕಿಂತ ಹತ್ತಿರದ ದಾರಿ.

ಪೈಥಾನ್‌ನಲ್ಲಿ ಪಿಜಿಎಚ್003 ಮತ್ತು ಪಿಜಿಎಚ್004 ನಿಯಮಗಳು ಯಾವ ದೋಷಕ್ಕೆಂದು ಹೇಳದೆ ಎಲ್ಲವನ್ನೂ ಮನ್ನಿಸುವ ಟೈಪ್-ಇಗ್ನೋರ್, ನೋಕ್ಯುಎ ಕಾಮೆಂಟ್‌ಗಳನ್ನು ಹಿಡಿಯುತ್ತವೆ. ಆರ್‌ಯುಎಫ್100 ನಿಯಮವು ಈಗ ಅಗತ್ಯವಿಲ್ಲದ ನೋಕ್ಯುಎಗಳನ್ನು ತೋರಿಸುತ್ತದೆ. ಟೈಪ್‌ಸ್ಕ್ರಿಪ್ಟ್‌ನಲ್ಲಿ ಬ್ಯಾನ್-ಟಿಎಸ್-ಕಾಮೆಂಟ್ ನಿಯಮದಿಂದ ಟಿಎಸ್-ಇಗ್ನೋರ್ ಅನ್ನು ಪೂರ್ತಿ ನಿಷೇಧಿಸಿ, ವಿವರಣೆಯಿರುವ ಟಿಎಸ್-ಎಕ್ಸ್‌ಪೆಕ್ಟ್-ಎರರ್ ಅನ್ನು ಮಾತ್ರ ಬಿಡಿ. ದೋಷ ಸರಿಯಾದ ದಿನ ಅದು ತಾನೇ ಎರರ್ ಆಗಿ ತನ್ನನ್ನು ತೆಗೆಸಿಕೊಳ್ಳುತ್ತದೆ. ಇಎಸ್‌ಲಿಂಟ್‌ನಲ್ಲಿ ನೋ-ಇನ್‌ಲೈನ್-ಕಾನ್ಫಿಗ್ ಎಂಬ ಆಯ್ಕೆಯು ಕೋಡಿನೊಳಗಿನ ಎಲ್ಲ ವಿನಾಯಿತಿ ಕಾಮೆಂಟ್‌ಗಳನ್ನೂ ನಿಷ್ಕ್ರಿಯಗೊಳಿಸುತ್ತದೆ. ಹೊಸ ಪ್ರಾಜೆಕ್ಟುಗಳಲ್ಲಿ ಇದನ್ನು ಧೈರ್ಯವಾಗಿ ಹಾಕಬಹುದು.

ಎರಡನೆಯ ದಾರಿ ಸೆಟ್ಟಿಂಗ್ ಕಡತವನ್ನೇ ತಿದ್ದುವುದು, ಮೂರನೆಯದು ನೋ-ವೆರಿಫೈ ಆಯ್ಕೆಯೊಂದಿಗೆ ಕಮಿಟ್ ಮಾಡಿ ಗಿಟ್ ಹುಕ್ ದಾಟುವುದು. ಇವೆರಡಕ್ಕೂ ಪ್ರೀ-ಟೂಲ್-ಯೂಸ್ ಹುಕ್ ಬಳಸಿ: ತಿದ್ದಲು ಹೊರಟ ಕಡತ ಲಿಂಟರ್‌ನ ಸೆಟ್ಟಿಂಗ್ ಆಗಿದ್ದರೆ, ಅಥವಾ ಬ್ಯಾಷ್ ಕಮಾಂಡಿನಲ್ಲಿ ನೋ-ವೆರಿಫೈ ಇದ್ದರೆ, ಕೋಡ್ 2 ಕೊಟ್ಟು ತಡೆಯಿರಿ, ಸಂದೇಶದಲ್ಲಿ ‘ಈ ನಿಯಮ ತಪ್ಪೆನಿಸಿದರೆ ಕೆಲಸ ನಿಲ್ಲಿಸಿ ಬಳಕೆದಾರರನ್ನು ಕೇಳಿ’ ಎಂದು ಬರೆಯಿರಿ. ಆದರೂ ಈ ತಡೆಯೊಂದನ್ನೇ ನಂಬಿ ಕೂರಬಾರದು. ಎಡಿಟ್ ಉಪಕರಣ ಮುಚ್ಚಿದರೆ ಸೆಡ್ ಕಮಾಂಡಿನಿಂದಲೋ ಪೈಥಾನ್‌ನ ಒಂದು ಸಾಲಿನಿಂದಲೋ ಅದೇ ಕಡತವನ್ನು ತಿದ್ದಬಹುದು.

ಹಾಗಾಗಿ ಕೊನೆಯ ತೀರ್ಪು ಅಸಿಸ್ಟೆಂಟ್ ಓಡುವ ಯಂತ್ರದ ಹೊರಗೆ, ಸಿಐನಲ್ಲಿ ಆಗಬೇಕು. ಅದೇ ಕಮಾಂಡು, ಅದೇ ಆವೃತ್ತಿಯ ಸಾಧನಗಳು ಅಲ್ಲಿ ಓಡಲಿ, ಮುಖ್ಯ ಬ್ರಾಂಚ್‌ಗೆ ಸೇರಲು ಆ ಪರೀಕ್ಷೆ ಹಸಿರಾಗಿರಲೇಬೇಕು ಎಂದು ಬ್ರಾಂಚ್ ರಕ್ಷಣೆಯಲ್ಲಿ ನಮೂದಿಸಿ. ಲಿಂಟರ್ ಸೆಟ್ಟಿಂಗ್, ಹುಕ್ ಸ್ಕ್ರಿಪ್ಟ್, ಹಳೆಯ ಸಾಲದ ದಾಖಲೆ ಮತ್ತು ಸಿಐ ಕಡತಗಳಿಗೆ ಗಿಟ್‌ಹಬ್‌ನ ಕೋಡ್‌ಓನರ್ಸ್ ಕಡತದಲ್ಲಿ ಹೊಣೆಗಾರರನ್ನು ಹೆಸರಿಸಿ, ಅವರ ಒಪ್ಪಿಗೆ ಕಡ್ಡಾಯವೆಂಬ ಆಯ್ಕೆಯನ್ನೂ ಚಾಲೂ ಮಾಡಿ. ಆಗ ಅವರು ನೋಡದೆ ಆ ಕಡತಗಳ ಬದಲಾವಣೆ ಒಳಬರುವುದಿಲ್ಲ.

ಟೆಸ್ಟ್‌ಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಬೀಳುವ ಟೆಸ್ಟನ್ನು ಸ್ಕಿಪ್ ಮಾಡುವುದು, ನಿರೀಕ್ಷಿತ ಬೆಲೆಯನ್ನು ಈಗ ಬರುತ್ತಿರುವ ತಪ್ಪು ಬೆಲೆಗೆ ಬದಲಿಸುವುದು, ಏನನ್ನೂ ಪರೀಕ್ಷಿಸದ ಟೆಸ್ಟ್ ಬರೆದು ಕವರೇಜ್ (ಟೆಸ್ಟ್‌ಗಳು ಓಡಿಸುವ ಕೋಡಿನ ಪ್ರಮಾಣ) ಹೆಚ್ಚಿಸುವುದು ಇವು ಸಾಮಾನ್ಯ ರೂಪಗಳು. ಜಾವಾಸ್ಕ್ರಿಪ್ಟ್‌ನ ಟೆಸ್ಟ್ ಸಾಧನವಾದ ಜೆಸ್ಟ್ ಬಳಸುವವರಿಗೆ ನೋ-ಡಿಸೇಬಲ್ಡ್-ಟೆಸ್ಟ್ಸ್ ಮತ್ತು ಎಕ್ಸ್‌ಪೆಕ್ಟ್-ಎಕ್ಸ್‌ಪೆಕ್ಟ್ ನಿಯಮಗಳು ಮೊದಲ ಮತ್ತು ಮೂರನೆಯ ರೂಪವನ್ನು ಹಿಡಿಯುತ್ತವೆ. ನಡುವಿನದಕ್ಕೆ ಲಿಂಟರ್‌ನಲ್ಲಿ ಮದ್ದಿಲ್ಲ. ಇರುವ ಟೆಸ್ಟ್‌ನ ನಿರೀಕ್ಷಿತ ಬೆಲೆ ಬದಲಾದ ಪ್ರತಿ ಪುಲ್ ರಿಕ್ವೆಸ್ಟ್‌ಗೂ ಸಿಐ ಒಂದು ಲೇಬಲ್ ಹಚ್ಚಲಿ, ಆ ಭಾಗವನ್ನು ಪರಿಶೀಲಕರು ಮೊದಲು ಓದಲಿ. ಹಣ, ಅನುಮತಿ ಮುಂತಾದ ಸೂಕ್ಷ್ಮ ಮಾಡ್ಯೂಲ್‌ಗಳಿಗೆ ಸ್ಟ್ರೈಕರ್ ಅಥವಾ ಮ್ಯೂಟ್‌ಮಟ್‌ನಂಥ ಮ್ಯುಟೇಷನ್ ಟೆಸ್ಟಿಂಗ್ ಸಾಧನ ಸೇರಿಸುವುದು ಒಳ್ಳೆಯದು. ಕೋಡಿನಲ್ಲಿ ಬೇಕೆಂದೇ ಚಿಕ್ಕ ತಪ್ಪುಗಳನ್ನು ಬಿತ್ತಿ, ಟೆಸ್ಟ್‌ಗಳು ಅವನ್ನು ಹಿಡಿಯುತ್ತವೆಯೇ ಎಂದು ಅವು ನೋಡುತ್ತವೆ.

ಏಳನೆಯ ಹೆಜ್ಜೆ: ಸೂಚನಾ ಕಡತವನ್ನು ಮೊಟಕುಗೊಳಿಸುವುದು

ಈಗ ಸೂಚನಾ ಕಡತಕ್ಕೆ ಹಿಂದಿರುಗಿ, ಯಂತ್ರದ ಪಾಲಿಗೆ ಹೋದ ಪ್ರತಿ ಸಾಲನ್ನೂ ಅಳಿಸಿ. ಕ್ಲಾಡ್ ಕೋಡ್‌ಗೆ ಅದು ಕ್ಲಾಡ್.ಎಂಡಿ, ಕರ್ಸರ್‌ಗೆ ಡಾಟ್-ಕರ್ಸರ್ ಒಳಗಿನ ರೂಲ್ಸ್ ಫೋಲ್ಡರು, ಕೋಪೈಲಟ್‌ಗೆ ಡಾಟ್-ಗಿಟ್‌ಹಬ್ ಫೋಲ್ಡರಿನ ಕೋಪೈಲಟ್-ಇನ್‌ಸ್ಟ್ರಕ್ಷನ್ಸ್.ಎಂಡಿ, ಹಲವು ಸಾಧನಗಳು ಏಜೆಂಟ್ಸ್.ಎಂಡಿ ಎಂಬ ಸಾಮಾನ್ಯ ಕಡತವನ್ನೂ ಓದುತ್ತವೆ. ಉಳಿಯಬೇಕಾದದ್ದು ಸ್ವಲ್ಪವೇ: ಪರೀಕ್ಷೆ ಓಡಿಸುವ ಕಮಾಂಡು, ಪದರಗಳ ರಚನೆ ಮತ್ತು ಅದರ ಹಿಂದಿನ ಕಾರಣ, ಹೆಸರಿಡುವಾಗ ಬಳಸಬೇಕಾದ ವ್ಯವಹಾರದ ಪದಗಳು, ಮತ್ತು ಯಾವ ಸಂದರ್ಭದಲ್ಲಿ ತಾನೇ ನಿರ್ಧರಿಸದೆ ಕೇಳಬೇಕು ಎಂಬುದು. ಕಡತ ಚಿಕ್ಕದಾದಷ್ಟೂ ಅದರಲ್ಲಿ ಉಳಿದ ಮಾತುಗಳಿಗೆ ಸಿಗುವ ಗಮನ ಹೆಚ್ಚುತ್ತದೆ.

ಎಂಟನೆಯ ಹೆಜ್ಜೆ: ನಿಯಮಗಳನ್ನೇ ಪರೀಕ್ಷಿಸುವುದು ಮತ್ತು ಪೋಷಿಸುವುದು

ವ್ಯವಸ್ಥೆ ಸಿದ್ಧವಾದ ಮೇಲೆ ಪ್ರತ್ಯೇಕ ಬ್ರಾಂಚ್‌ನಲ್ಲಿ ಪ್ರತಿ ನಿಯಮವನ್ನೂ ಬೇಕೆಂದೇ ಒಂದೊಂದು ಸಲ ಮುರಿದು ನೋಡಿ. ಎಡಿಟ್‌ನ ಹುಕ್ ದೂರು ಕೊಟ್ಟಿತೇ, ಸಂದೇಶ ಪೂರ್ತಿಯಾಗಿ ಅಸಿಸ್ಟೆಂಟ್‌ಗೆ ತಲುಪಿತೇ, ಸಿಐ ಕೆಂಪಾಯಿತೇ ಎಂದು ಮೂರು ಕಡೆಯೂ ಖಚಿತಪಡಿಸಿಕೊಳ್ಳಿ. ಕಡತದ ಹೆಸರಿನ ಮಾದರಿ ಹೊಂದದೆ ಇಡೀ ಫೋಲ್ಡರು ಪರೀಕ್ಷೆಯಿಂದ ಹೊರಗುಳಿದಿರುವುದು ಇಂಥ ಸಮಯದಲ್ಲೇ ಗೊತ್ತಾಗುತ್ತದೆ. ಬಳಿಕ ಅಸಿಸ್ಟೆಂಟ್‌ಗೆ ಸಾಧಾರಣ ಗಾತ್ರದ ನಿಜವಾದ ಕೆಲಸವೊಂದನ್ನು ಕೊಟ್ಟು, ಲಿಂಟರ್ ದೂರು ಕೊಟ್ಟಾಗಲೆಲ್ಲ ಅದು ಏನು ಮಾಡುತ್ತದೆ ಎಂದು ಪಕ್ಕದಲ್ಲಿ ಕೂತು ಓದಿ. ಒಂದೇ ನಿಯಮಕ್ಕೆ ಮತ್ತೆ ಮತ್ತೆ ಎಡವುತ್ತಿದ್ದರೆ ಮೊದಲು ಆ ನಿಯಮದ ಸಂದೇಶವನ್ನು ತಿದ್ದಿ, ಆಮೇಲೆ ಅಸಿಸ್ಟೆಂಟನ್ನು ದೂರಿ.

ಲಿಂಟರ್‌ನ ಆವೃತ್ತಿಯನ್ನು ಲಾಕ್ ಕಡತದಲ್ಲಿ (ಸಾಧನಗಳ ನಿಖರ ಆವೃತ್ತಿಗಳನ್ನು ದಾಖಲಿಸುವ ಕಡತ) ಕಟ್ಟಿಡಿ, ಏಕೆಂದರೆ ಹೊಸ ಆವೃತ್ತಿ ಹೊಸ ದೂರುಗಳನ್ನು ತಂದಾಗ ಅಸಿಸ್ಟೆಂಟ್ ಅವನ್ನು ತನ್ನ ಬದಲಾವಣೆಯ ತಪ್ಪೆಂದು ತಿಳಿದು ಸಂಬಂಧವಿಲ್ಲದ ಕೋಡನ್ನು ತಿದ್ದುತ್ತದೆ. ಪರಿಶೀಲನೆಯಲ್ಲಿ ಒಂದೇ ಟಿಪ್ಪಣಿ ಮೂರನೆಯ ಸಲ ಬಂದರೆ ಅದನ್ನು ನಿಯಮವಾಗಿಸಬಹುದೇ ಎಂದು ನೋಡಿ. ಅದೇ ರೀತಿ, ಯಾವುದಾದರೂ ನಿಯಮಕ್ಕೆ ಸಕಾರಣವಾದ ವಿನಾಯಿತಿಗಳು ಬೆಳೆಯುತ್ತಾ ಹೋದರೆ ಆ ನಿಯಮವೇ ಪ್ರಾಜೆಕ್ಟಿಗೆ ಹೊಂದುತ್ತಿಲ್ಲ ಎಂದು ತಿಳಿದು ಅದನ್ನು ಸಡಿಲಿಸಿ ಅಥವಾ ತೆಗೆಯಿರಿ. ಆ ಬದಲಾವಣೆ ಮಾತ್ರ ಪ್ರತ್ಯೇಕ ಪುಲ್ ರಿಕ್ವೆಸ್ಟ್ ಆಗಿ, ಕಾರಣವನ್ನು ಬರೆದು, ಮನುಷ್ಯರೊಬ್ಬರ ಹೆಸರಿನಲ್ಲೇ ಬರಲಿ.